ಬಾಯಿ ತೆರೆದ ಕೊಳವೆ

ಗುಬ್ಬಿಯೊಂದು ಟ್ರ್ಯಾಕ್ಟರಿನ ನೆಟ್ಟಗೆ ನಿಂತ ಸೈಲೆನ್ಸರ್ ಕೊಳವೆಯ ಅಂಚಿಗೆ ಕೂತು ಒಳಗೆ ಇಣುಕುತ್ತಿದೆ, ಏನು ಕಂಡೀತು ಅದಕ್ಕೆ, ಕತ್ತಲೆ, ತುಕ್ಕು, ಮತ್ತೇನು — ಕೇಶ್ವಾಪುರದ ತನ್ನ ಮನೆಯಲ್ಲಿ ಚಹಾ ಕೂಡ ಕುಡಿಯದೆ ಬಸ್ಸು ಹಿಡಿದು ತವರೂರು ಅಮ್ಮಿನಬಾವಿಗೆ ಬಂದದ್ದು ಗುಬ್ಬಿ ನೋಡಲಿಕ್ಕಲ್ಲ, ಅಪ್ಪ ಗಟ್ಟಿಯಾಗಿದ್ದಾಗಲೇ ಭಾಗ್ಯಶ್ರೀಯ ಹೆಸರಿಗೆ ಬಿಟ್ಟ ಈ ಟ್ರ್ಯಾಕ್ಟರನ್ನು ರಿಪೇರಿ ಮಾಡಿಸುವುದೋ ಗುಜರಿಗೆ ಹಾಕುವುದೋ ಇವತ್ತೇ ಹೇಳಿಬಿಡಬೇಕಂತೆ, ಗುಜರಿಯವನ ಲಾರಿ ಆಗಲೇ ಹೊರಟಿದೆಯಂತೆ, ಲಾರಿ ಕರೆಸಿದವನು ಅಣ್ಣ ಗುರುಪಾದ, ಅವಳನ್ನು ಒಂದು ಮಾತೂ ಕೇಳದೆ. ಹೆಣ್ಣಮಕ್ಕಳು ಟ್ರ್ಯಾಕ್ಟರ್ ತಗೊಂಡು ಏನ್ ಮಾಡೂದೈತಿ ಭಾಗ್ಯಾ, ಅಂಗಳದಾಗ ನಿಲ್ಲಿಸಿ ತುಳಸಿ ಹಚ್ತೀಯೇನು — ಅಂದು ನಕ್ಕನಲ್ಲ, ಮೈಯೆಲ್ಲ ಉರಿಯಿತು, ಹೊಲ ಪೂರಾ ಅವನಿಗೆ, ಮನೆ ಅವನಿಗೆ, ಆಗ ಯಾರೂ ನಗಲಿಲ್ಲ, ಅವಳೂ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿದಳು, ಇದೊಂದು ನಮ್ ಭಾಗ್ಯಾಗ ಅಂತ ಅಪ್ಪ ಅಂದದ್ದೇ ಇವರ ಕಣ್ಣಿಗೆ ಚುಚ್ಚಿತು, ಅಪ್ಪ ಸುಮ್ಮಸುಮ್ಮನೆ ಅಂದಿದ್ದನೇ, ಲಂಗ ಎತ್ತಿ ಕಟ್ಟಿಕೊಂಡು ಇದೇ ಟ್ರ್ಯಾಕ್ಟರಿನಿಂದ ಎರೆಹೊಲ ಉತ್ತು ರಂಟೆ ಹೊಡೆದವಳು ಯಾರು, ಗುರುಪಾದನಿಗೆ ಕ್ಲಚ್ ಬಿಡಲಿಕ್ಕೂ ಬರುತ್ತಿರಲಿಲ್ಲ, ಬದುವಿಗೆ ಏರಿಸಿ ಇಳಿದು ಓಡಿದ್ದ. ಇಂಜಿನ್ ಜಾಮ್ ಆಗೇತ್ರಿ ಅಕ್ಕಾರ, ಎನ್ನುತ್ತಿದ್ದಾನೆ ಅವಳೇ ಧಾರವಾಡದಿಂದ ಕರೆಸಿದ ಮೇಸ್ತ್ರಿ ಶಾಬುದ್ದೀನ, ಮ್ಯಾಲಿಂದ ಮಳಿ ನೀರು ಇಳದು ಪಿಸ್ಟನ್ ತುಕ್ಕು ಹಿಡದು ಕಚ್ಚಿಗೊಂಡು ಕುಂತೈತಿ, ಬಿಚ್ಚಿ ಡೀಸೆಲ್‌ನ್ಯಾಗ ನೆನಸಿದ್ರ ಬಿಟ್ರೂ ಬಿಡಬಹುದು, ಖಾತ್ರಿ ಹೇಳಂಗಿಲ್ರಿ. ಕೇಳಿದೆಲ್ಲ, ಅವನೇ ಖಾತ್ರಿ ಇಲ್ಲ ಅಂತಾನ, ಎಂದು ಗುರುಪಾದ ಹಲ್ಲು ಕಿರಿದ.

ಮಳೆ ನೀರು — ಅಪ್ಪ ಓಡಾಡುತ್ತಿದ್ದಾಗ ಯಾಕೆ ಇಳಿಯಲಿಲ್ಲ, ಆಗ ಊರಿಗೆ ಮಳೆ ಬರುತ್ತಿರಲಿಲ್ಲವೇ, ಸಂಜೆ ಇಂಜಿನ್ ಆರಿದ ಮೇಲೆ ಈ ಕೊಳವೆಗೆ ದಾಲ್ಡಾ ಡಬ್ಬಿ ಬೋರಲು ಹಾಕದೆ ಅಪ್ಪ ಊಟಕ್ಕೆ ಕೂತವನಲ್ಲ, ಸುಡುಬೇಸಿಗೆಯಲ್ಲೂ, ಅವ್ವ ಬೈದರೂ, ಡಬ್ಬಿ ಎಲ್ಲಿ, ವೈನಿ, ಡಬ್ಬಿ ಎಲ್ಲೈತಿ, ಎಂದು ಕೂಗಿದಳು — ಯಾವ ಡಬ್ಬಿ, ಅದೇನು, ಎಮ್ಮಿಗೆ ಹಿಂಡಿ ಅಳದು ಹಾಕಾಕ ಇಟಗೊಂಡೇನಿ, ಛಲೋ ಅಳತಿ ಐತಿ ನೋಡು, ಎಂದಳು ಗುರುಪಾದನ ಹೆಂಡತಿ ದಾನವ್ವ ಕೊಟ್ಟಿಗೆಯಿಂದ, ಎಷ್ಟು ಸಲೀಸಾಗಿ ಅಂದಳು. ಯಾವಾಗಿಂದ ಇಟಗೊಂಡೀರಿ. ಮಾವಾರಿಗೆ ಲಕ್ವಾ ಹೊಡದು ಮಲಗಿದ್ರಲ್ಲ, ಆವಾಗಿಂದ.

ಆವಾಗಿಂದ — ಅಪ್ಪನ ಬಾಯಿ ಬಿದ್ದಿತ್ತು, ಬಲಗೈ ಬಿದ್ದಿತ್ತು, ಪಡಸಾಲೆಯ ಹಾಸಿಗೆಯಿಂದ ಅಂಗಳ ಕಾಣುತ್ತಿತ್ತು, ಈ ಕೊಳವೆ ಕಾಣುತ್ತಿತ್ತು, ಹಂಚಿನ ಮೇಲೆ ಮಳೆ ಸದ್ದಾದರೆ ಸಾಕು, ಎಡಗೈ ಚಾಚಿ ತಲೆದೆಸೆಯ ನೀರಿನ ತಂಬಿಗೆಯ ಬಾಯನ್ನು ಅಂಗೈಯಿಂದ ಮುಚ್ಚುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಮುಚ್ಚುತ್ತಿದ್ದ, ಗೊರಗೊರ ಎನ್ನುತ್ತಿದ್ದ, ಅಪ್ಪಗ ನೀರು ಬ್ಯಾಡಂತ, ಒಳಗ ಇಡು, ಎಂದು ಗುರುಪಾದ ತಂಬಿಗೆಯನ್ನೇ ಎತ್ತಿಸಿಬಿಡುತ್ತಿದ್ದ, ಅಪ್ಪನ ಕಣ್ಣಲ್ಲಿ ನೀರು, ಮುಪ್ಪಿನ ಹಟ ಎಂದರು ಇವರು, ನೋಡಲು ಬಂದು ಕಟ್ಟೆಗೆ ಕೂತ ಅವಳೂ ಹೌದೆಂದಳು — ನೀರಲ್ಲ ಅಪ್ಪ ಅಂದದ್ದು, ನೀರಲ್ಲ, ಕೊಳವೆಯ ಬಾಯಿ. ಕೊಟ್ಟಿಗೆಗೆ ನಡೆದಳು, ಡಬ್ಬಿಯ ಹಿಂಡಿಯನ್ನು ನೆಲಕ್ಕೆ ಸುರಿದಳು, ಭಾಗ್ಯಾ ತಲಿ ಕೆಟ್ಟೈತೇನು ನಿಂದು, ದಾನವ್ವ ಚೀರಿದಳು, ಓಣಿಯಲ್ಲಿ ಲಾರಿಯ ಹಾರ್ನು, ಟ್ರ್ಯಾಕ್ಟರಿನ ಟೈರಿನ ಮೇಲೆ ಕಾಲಿಟ್ಟು ಹತ್ತಿದಳು, ಗುಬ್ಬಿ ಹಾರಿತು, ಲಾರಿ ತಿರುಗಿಸ್ಕೊಂಡು ಹೋಗು ಅನ್ನು ಅವಗ, ಅಣ್ಣಾ, ಶಾಬುದ್ದೀನಣ್ಣಾರ, ಇಂಜಿನ್ ಬಿಚ್ಚ್ರಿ, ಬಿಡಲಿ ಬಿಡದಿರಲಿ ಬಿಚ್ಚ್ರಿ — ಕೊಳವೆಗೆ ಡಬ್ಬಿ ಬೋರಲು ಕೂತಿತು, ಅವಳ ಅಂಗೈ ಅದರ ಮೇಲೆ, ತೆಗೆಯಲು ಬರುತ್ತಿಲ್ಲ, ಕಣ್ಣ ಮುಂದೆ ಹಂಚಿನ ಮೇಲೆ ಆವತ್ತಿನ ಮಳೆ, ತಂಬಿಗೆಯ ಬಾಯಿ, ಬಾಯಿಯ ಮೇಲೆ ಅಪ್ಪನ ಎಡಗೈ, ತೆಗೆಯುತ್ತಾನೆ, ಮತ್ತೆ ಮುಚ್ಚುತ್ತಾನೆ