ಕಣ್ಣು ತೆರೆಸುವ ಗಂಗಯ್ಯ

ಮನೋಳಿಯ ರೇಣು ಅವ್ವನ ಫೋಟೋ ಹಿಡಿದುಕೊಂಡು ಸವದತ್ತಿಗೆ ಬಂದಳು. ಮಲಪ್ರಭೆಯ ನೀರು ಮನೆ ಹೊಕ್ಕು ಇಳಿದುಹೋದ ಮೇಲೆ ಫೋಟೋದಲ್ಲಿ ಸೀರೆಯ ಅಂಚು, ಮಡಿಲಲ್ಲಿಟ್ಟ ಕೈ ಮಾತ್ರ ಉಳಿದಿದ್ದವು. ಮುಖ ಗಾಜಿಗೆ ಅಂಟಿ ಕಿತ್ತುಹೋಗಿತ್ತು. ಹಿಂದೆ ಗಂಗಯ್ಯನ ಸ್ಟುಡಿಯೋದ ಶಿಕ್ಕಾ ಒತ್ತಿತ್ತು.

ಸ್ಟುಡಿಯೋ ಅಂದರೆ ಅವನ ಮನೆಯ ಮುಂದಿನ ಕೋಣೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

"ನಾ ಹುಟ್ಟಿದ ದಿನಾನ ಹೋದ್ಲಂತ್ರಿ ಅಜ್ಜಾರ," ಅಂದಳು ರೇಣು. "ನಾ ಕಂಡದ್ದು ಈ ಫೋಟೋದಾಗಿನ ಕಣ್ಣಷ್ಟ. ಗಂಡನ ಮನಿಗೆ ಹೋಗುವಾಗೂ ಅವಕ್ಕ ಹೇಳಿ ಹೋಗಿದ್ದೆ. ಅವು ನನಗ ಹೊಳ್ಳಿ ಬೇಕ್ರಿ."

ಗಂಗಯ್ಯ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದ.

ಆಗೆಲ್ಲ ಹಳ್ಳಿಗಳಲ್ಲಿ ಎಷ್ಟೋ ಮಂದಿ ಬದುಕಿರುವಾಗ ಫೋಟೋ ತೆಗೆಸಿದವರಲ್ಲ. ಸತ್ತ ಮೇಲೆ ಗಂಗಯ್ಯನಿಗೆ ಕರೆ ಬರುತ್ತಿತ್ತು. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ಪಕ್ಕದಿಂದ ಯಾರಾದರೂ ತಲೆಯ ಹಿಂದೆ ಕೈಯಿಟ್ಟು ಹಿಡಿದಿರುತ್ತಿದ್ದರು. ಅವನು ಫೋಟೋ ತೊಳೆದು, ಆ ಕೈಯನ್ನು ಬಣ್ಣದಲ್ಲಿ ಅಳಿಸಿ, ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದ. ಹೆಂಡತಿ ಕೆಂಚವ್ವನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿಕೊಂಡು, ರೆಪ್ಪೆ ಮಿಟುಕಿಸಬೇಡ ಎಂದು ಗದರುತ್ತ, ಅವಳ ಕಣ್ಣು ನೋಡಿ ಬರೆಯುತ್ತಿದ್ದ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಅವನು ಕಣ್ಣು ತೆರೆಸುವ ಗಂಗಯ್ಯ. ಹಿರಿಯರಿಗೆ ಗೊತ್ತಿರುತ್ತಿತ್ತು. ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ.

ಆ ಫೋಟೋದ ನೆಗೆಟಿವ್ ಸಿಗಲಿಲ್ಲ ಅಂದುಬಿಡಬಹುದಿತ್ತು. ಆದರೆ ರೇಣು ಆಗಲೇ ಕಪಾಟಿನಿಂದ ಮನೋಳಿ ಎಂದು ಬರೆದ ನೆಗೆಟಿವ್ ಡಬ್ಬಿ ಕೆಳಗಿಳಿಸಿದ್ದಳು. ಹುಡುಕಿ ಕೊಡುವುದು ಅವನಿಗೇ ಬಂತು. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ತಲಿ ಹಿಂದ ಯಾರದೋ ಕೈ ಐತಿ. ಕಣ್ಣು ಮುಚ್ಚ್ಯಾವು."

ಗಂಗಯ್ಯ ಡಬ್ಬಿಯ ಮುಚ್ಚಳ ಹಾಕಿದ.

"ಹಂಗಾರ ಫೋಟೋದಾಗಿದ್ದವು ಯಾರವ್ರಿ?"

"ನಮ್ಮ ಮನಿಯಾಕಿವು, ಯವ್ವಾ. ಎಲ್ಲಾರಿಗೂ ಆಕಿವ ಬರದೇನಿ. ನನಗ ಬರ್ತಿದ್ದವು ಅವೊಂದ."

ಅವಳು ಬೈದಿದ್ದರೆ, ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮತ್ತೆ ಬರೆದುಕೊಡುತ್ತೇನೆ ಅನ್ನಲೂ ಬರುವಂತಿರಲಿಲ್ಲ. ಚಹಾದ ಕಪ್ಪನ್ನೇ ಈಗ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ.

"ಅಮ್ಮಾರು ಅದಾರೇನ್ರಿ?"

"ಒಳಗ ಅದಾಳ."

"ಒಂದ ಸಲ ನನ್ನ ನೋಡಂತ ಹೇಳ್ರಿ. ಸಾಕು."

ಗಂಗಯ್ಯ ಎದ್ದು ಒಳಗೆ ಹೋದ.

ಅವನ ತೋಳು ಹಿಡಿದುಕೊಂಡು, ಕಾಲಿನಿಂದ ಹೊಸ್ತಿಲು ತಡವುತ್ತ ಕೆಂಚವ್ವ ಹೊರಗೆ ಬಂದಳು. ಕಣ್ಣುಗಳ ಮೇಲೆ ಹಾಲಿನ ಕೆನೆಯಂಥ ಬಿಳುಪು ಕಟ್ಟಿತ್ತು. ಇನ್ನು ಏನೂ ಮಾಡಲಾಗದೆಂದು ಹುಬ್ಬಳ್ಳಿಯ ಡಾಕ್ಟರು ಯಾವಾಗಲೋ ಹೇಳಿ ಕಳಿಸಿದ್ದರು.

ರೇಣು ಅವಳ ಮುಂದೆ ಮೊಣಕಾಲೂರಿ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡು, ತಲೆಗೂದಲು ಸರಿಮಾಡಿಕೊಂಡು, ಮುಖ ಎತ್ತಿ ಹಿಡಿದಳು. ಕೆಂಚವ್ವನ ಮುಖ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನ ಸದ್ದಿನ ಕಡೆಗೆ ತಿರುಗಿತ್ತು.

"ಯಾರೋ ಬಂದಾರಲಾ," ಅಂದಳು ಗಂಡನಿಗೆ. "ಯಾವೂರಾಗ ತೀರಿಕೊಂಡ್ರು?"

ಕೆಂಚವ್ವ ಕೈಯಿಂದ ತಡವಿ ಹಳೆಯ ಸ್ಟೂಲು ಹುಡುಕಿ ಕುಳಿತಳು. ಕತ್ತು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ರೇಣುವಿನ ತಲೆಯ ಮೇಲಿಂದ ಆಚೆಗೆ, ರೆಪ್ಪೆ ಮಿಟುಕಿಸದೆ ಕಣ್ಣು ತೆರೆದುಕೊಂಡು ಕೂತಳು.