ಹುಣ್ಣಿಲ್ಲದ ಬೆನ್ನು

ಕಾಶಮ್ಮನ ಹೆಣವನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ನೀರು ಹುಯ್ಯಹೊರಟ ಹೆಂಗಸರು ತಂಬಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಎರಡು ವರ್ಷಕ್ಕೂ ಮೇಲೆ ಹಾಸಿಗೆ ಹಿಡಿದವಳ ಬೆನ್ನು ಅದು. ಒಂದು ಹುಣ್ಣಿಲ್ಲ, ಒಂದು ಕಲೆಯಿಲ್ಲ.

"ನೋಡ್ರೆವ್ವಾ ಇಲ್ಲಿ," ಎಂದಳು ಕಾಶಮ್ಮನ ತಮ್ಮನ ಹೆಂಡತಿ ರೇವತಿ. "ಮಗಳು ಅಂದ್ರ ಹಿಂಗಿರ್ಬೇಕು."

ಸೀರೆ ಅಡ್ಡ ಕಟ್ಟಿದ ಆ ಮೂಲೆಯಿಂದ ಹೊರಟ ಮಾತು, ಹಲಸೂರಿನ ಆ ಸಂದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡಸರನ್ನು ತಲುಪಲು ಹೊತ್ತು ಹಿಡಿಯಲಿಲ್ಲ. ಯಾದಗಿರಿ ಕಡೆಯಿಂದ ಬಂದು, ಗಂಡ ಸತ್ತ ಮೇಲೂ ಊರಿಗೆ ಮರಳದೆ, ಇಂದಿರಾನಗರದ ಪೀಜಿಯೊಂದರಲ್ಲಿ ಹುಡುಗಿಯರಿಗೆ ಮೂರು ಹೊತ್ತು ಬೇಯಿಸಿ ಹಾಕಿ ಇದ್ದೊಬ್ಬ ಮಗಳನ್ನು ಓದಿಸಿದವಳು ಕಾಶಮ್ಮ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಲೇ ಕುಸಿದಳು. ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಇವತ್ತು ಅವಳ ಬಗ್ಗೆ ಹೇಳುವುದಕ್ಕೆ ಯಾರಿಗೂ ಏನೂ ಇದ್ದಂತಿರಲಿಲ್ಲ. ಎಲ್ಲರ ಬಾಯಲ್ಲೂ ಮಗಳು ತೇಜಶ್ರೀಯೇ. ಇಷ್ಟು ಕೈ ಪಳಗಿದವಳು ನರ್ಸಿಂಗ್ ಮಾಡಬೇಕು ಎಂದು ಒಬ್ಬರು; ಅದೆಲ್ಲ ಯಾಕೆ, ಕಟ್ಟಿಕೊಳ್ಳುವವನ ಪುಣ್ಯ ಎಂದು ಇನ್ನೊಬ್ಬರು.

ತೇಜಶ್ರೀಗೆ ಬೇಕಾಗಿದ್ದದ್ದು ಗಣಿತ. ಬಿ.ಎಸ್ಸಿ.ಗೆ ಕಂಟೋನ್ಮೆಂಟಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಹಾಜರಾತಿ ಸಾಲದೆ ಪಿಯುಸಿಯಲ್ಲಿ ಒಂದು ವರ್ಷ ಕಳೆದುಕೊಂಡು, ಮತ್ತೆ ಕೂತು ಪಾಸು ಮಾಡಿ ಗಿಟ್ಟಿಸಿಕೊಂಡ ಸೀಟು. ಸೇರಲು ನಾಳೆಯೇ ಕೊನೆಯ ದಿನ. ಅಮ್ಮನ ಹೆಣ ಮನೆಯಲ್ಲಿರುವಾಗ ಅದನ್ನು ನೆನೆಯುವುದು ಪಾಪವೆನ್ನಿಸುತ್ತಿತ್ತು. ಆದರೂ ಮತ್ತೆ ಮತ್ತೆ ಅದೇ ನೆನಪಾಗುತ್ತಿತ್ತು.

ಹೆಣವನ್ನು ಕೂರಿಸಿ ವಿಭೂತಿ ಹಚ್ಚಿದ ಮೇಲೆ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಟ್ಟರು. ಪಕ್ಕದ ಮನೆಯ ಫಹ್ಮಿದಾ ಕೂಡ ದುಪಟ್ಟಾ ತಲೆಯ ಮೇಲೆಳೆದುಕೊಂಡು ಬಂದು ನೀರು ಬಿಟ್ಟಳು. ತೇಜಶ್ರೀಯ ಸರದಿ ಬಂದಾಗ ಚಮಚ ಹಿಡಿದ ಅವಳ ಕೈ ಮುಂದಕ್ಕೆ ಹೋಗಲೇ ಇಲ್ಲ.

"ಬಿಡು ಯವ್ವಾ, ಕುಡೀಲಿ," ಎಂದ ಸೋದರಮಾವ ಜಟ್ಟೆಪ್ಪ.

ಅಷ್ಟು ಹೊತ್ತು ತಡೆದಿದ್ದವಳು ಎಲ್ಲರೆದುರು ಗೋಳೋ ಎಂದು ಅತ್ತುಬಿಟ್ಟಳು.

*

ಎರಡನೇ ಸಲ ಪಿಯುಸಿಗೆ ಹೋಗುತ್ತಿದ್ದ ವರ್ಷ. ಲೆಕ್ಚರರ್ ಬಾರದ ಒಂದು ಮಧ್ಯಾಹ್ನ ತೇಜಶ್ರೀ ಬೇಗ ಮನೆಗೆ ಬಂದಾಗ, ಕಾಶಮ್ಮ ಎಡಗೈಯಲ್ಲಿ ಬಾಟಲಿ ಹಿಡಿದು ಮಂಚದ ಪಕ್ಕದ ಬಕೆಟ್ಟಿಗೆ ನೀರು ಸುರಿಯುತ್ತಿದ್ದಳು. ಬೆಳಿಗ್ಗೆ ಮಗಳು ತುಂಬಿಟ್ಟು ಹೋಗುತ್ತಿದ್ದ, ಸಂಜೆ ತಪ್ಪದೆ ಖಾಲಿಯಾಗಿರುತ್ತಿದ್ದ ಬಾಟಲಿ.

ತೇಜಶ್ರೀ ರೇಗಿದಳು. ಸಾಯಬೇಕು ಅಂತಿದ್ದೀಯಾ ಎಂದು ಕೇಳಿದಳು. ಕಾಶಮ್ಮನ ನಾಲಿಗೆ ತೊದಲುತ್ತಿತ್ತು, ಆದರೂ ಅರ್ಥವಾಗದ್ದೇನಿರಲಿಲ್ಲ.

"ಕುಡದ್ರ ಹಾಸಿಗಿ ತೊಯ್ತದ. ತೊಯ್ದ್ರ ಫಹ್ಮಿದಾ ನಿನಗ ಫೋನ್ ಹಚ್ತಾಳ. ನೀ ಕ್ಲಾಸ್ ಬಿಟ್ಟು ಓಡಿ ಬರ್ತಿ. ಹೋದ ವರ್ಷ ಕೆಟ್ಟಿದ್ದು ಹಂಗೇ ಅಲ್ಲೇನು?"

ಹಾಗೇ. ತೇಜಶ್ರೀ ಬಾಟಲಿ ತೆಗೆದುಕೊಂಡು ಮತ್ತೆ ತುಂಬಿ ತಂದಿಟ್ಟಳು. ಇನ್ನು ಮೇಲೆ ಕುಡಿಯುತ್ತೇನೆಂದು ಕಾಶಮ್ಮ ಆಣೆ ಮಾಡಿದಳು. ಮಗಳು ನಂಬಿದಳು, ನಂಬುವುದು ಅನುಕೂಲವೂ ಆಗಿತ್ತು. ಅಂದಿನಿಂದ ಅವಳು ಬಕೆಟ್ಟಿನೊಳಗೆ ಇಣುಕಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಇಂಟೆಗ್ರೇಷನ್ ಇನ್ನೂ ಮುಗಿದಿರಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು, ಎರಡೂ ಕಿಡ್ನಿ ಹೋಗಿವೆ, ನೀರು ಕೊಡುತ್ತಿರಲಿಲ್ಲವೇ ಎಂದು ಕೇಳಿದಾಗ, ಕೊಡುತ್ತಿದ್ದೆ ಎಂದಳು. ಅದು ಸುಳ್ಳೇನೂ ಅಲ್ಲ.

*

ಮಣ್ಣು ಮಾಡಿ ಬಂದ ಸಂಜೆ ರೂಮಿನಲ್ಲಿ ಉಳಿದದ್ದು ಜಟ್ಟೆಪ್ಪ, ರೇವತಿ, ಮತ್ತು ಗೋಡೆಗೊರಗಿ ಕೂತ ಅಜ್ಜಿ. ಅಜ್ಜಿ ಕಾಶಮ್ಮನ ತಾಯಿ. ಮಗಳ ಮುಖ ನೋಡಲೆಂದು ಅವಳನ್ನು ಕೆ.ಆರ್. ಪುರದಿಂದ ಆಟೋದಲ್ಲಿ ಎತ್ತಿ ತಂದಿದ್ದರು. ಬಿದ್ದು ಸೊಂಟ ಮುರಿದಾಗಿನಿಂದ ಅವಳಿಗೆ ತಾನಾಗಿ ಏಳಲಾಗದು.

ಜಟ್ಟೆಪ್ಪ ಕೆಟ್ಟವನಲ್ಲ. ಟೆಕ್ ಪಾರ್ಕಿನ ಗೇಟಿನಲ್ಲಿ ದಿನವಿಡೀ ನಿಂತು ಬರುವವನು. ರೇವತಿಗೆ ಅಲ್ಲೇ ಹೌಸ್‌ಕೀಪಿಂಗ್ ಕೆಲಸ. ಅಜ್ಜಿಯನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ, ಬೇರೆ ದಾರಿಯಿಲ್ಲ. ಅವನು ಸುತ್ತಿ ಬಳಸಿ ಮಾತು ತೆಗೆದ. ವಯಸ್ಸಿನ ಹುಡುಗಿ ಒಬ್ಬಳೇ ಇಲ್ಲಿ ಹೇಗಿರುವುದು, ನಮ್ಮ ಜೊತೆ ಬಂದುಬಿಡು, ಕಾಲೇಜು ಎಲ್ಲಿಗೂ ಓಡಿಹೋಗುವುದಿಲ್ಲ, ಮನೆಯಲ್ಲೇ ಕೂತು ಓದುವ ಡಿಗ್ರಿಗಳೂ ಇವೆಯಂತೆ. ಕೊನೆಗೆ ಒಳಗಿದ್ದದ್ದು ಹೊರಗೆ ಬಂತು.

"ಅಕ್ಕನ್ನ ನೋಡ್ಕೊಂಡಂಗ ಅವ್ವನ್ನ ಬ್ಯಾರೆ ಯಾರು ನೋಡ್ಕೋತಾರ, ನೀನೇ ಹೇಳು."

ತೇಜಶ್ರೀ ಅಜ್ಜಿಯ ಕಡೆ ನೋಡದೆ ಹೇಳಿದಳು.

"ಇಲ್ಲ ಮಾಮಾ. ನಾಳೆ ನಾನು ಕಾಲೇಜಿಗೆ ಹೋಗ್ಬೇಕು. ಸೇರ್ತೀನಿ. ಅಮ್ಮ ಸತ್ತಿದ್ದೇ ಅದಕ್ಕೆ."

ರೇವತಿ ಕಣ್ಣೊರೆಸಿಕೊಂಡಳು. ಜಟ್ಟೆಪ್ಪ ತಲೆ ತಗ್ಗಿಸಿ, ಆಯ್ತವ್ವ, ನಿನ್ನಿಷ್ಟ, ಎಂದ. ಮನಸ್ಸಿನಿಂದಲೇ ಅಂದ.

ಎಲ್ಲ ಕೇಳಿಸಿಕೊಂಡ ಅಜ್ಜಿ ಯಾರನ್ನೂ ಕರೆಯದೆ, ಎರಡೂ ಅಂಗೈ ನೆಲಕ್ಕೂರಿ ಬಚ್ಚಲಿಗೆ ಹೋಗಲು ಏಳಹೊರಟಳು. ಗಂಡ ಹೆಂಡತಿ ಗಾಬರಿಯಾಗಿ ಆ ಕಡೆಯೊಬ್ಬರು ಈ ಕಡೆಯೊಬ್ಬರು ತೋಳು ಹಿಡಿದು ಎಳೆದರು. ಮುದುಕಿ ನೋವಿಗೆ ಚೀರಿದಳು.

ಹಾಗೆ ಎಳೆಯಬೇಡಿ ಎನ್ನುವಷ್ಟರಲ್ಲೇ ತೇಜಶ್ರೀ ಎದ್ದಿದ್ದಳು. ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಕೈಗಳನ್ನು ತನ್ನ ಕತ್ತಿನ ಸುತ್ತ ಹಾಕಿಸಿ, ಬೆನ್ನಿಗೆ ಕೈ ಕೊಟ್ಟು ಮೆಲ್ಲಗೆ ಎಬ್ಬಿಸಿದಳು. ಅಜ್ಜಿ ಸದ್ದಿಲ್ಲದೆ ಎದ್ದು ನಿಂತಳು. ಬಚ್ಚಲಿಗೆ ಕರೆದೊಯ್ದು, ತೊಳೆಸಿ, ಹಾಗೇ ತಬ್ಬಿ ತಂದು ಚಾಪೆಯ ಮೇಲೆ ಕೂರಿಸಿದ್ದಾಯಿತು.

ಕೂತ ಮೇಲೂ ಅಜ್ಜಿ ಮೊಮ್ಮಗಳ ಕತ್ತಿನ ಹಿಂದೆ ಹೆಣೆದ ಬೆರಳು ಬಿಡಲಿಲ್ಲ. ಜಟ್ಟೆಪ್ಪ ಗೋಡೆಯ ಕಡೆ ತಿರುಗಿದ. ತೇಜಶ್ರೀ ಬಗ್ಗಿದಲ್ಲಿಂದಲೇ ಕೈ ಹಿಂದೆ ಮಾಡಿ, ಆ ಬೆರಳುಗಳನ್ನು ನೋಯದ ಹಾಗೆ ಒಂದೊಂದಾಗಿ ಬಿಡಿಸತೊಡಗಿದಳು. ಬಿಡಿಸಿದ ಬೆರಳು ಮತ್ತೆ ಬಂದು ಹೆಣೆದುಕೊಳ್ಳುತ್ತಿತ್ತು.