ಐದು ಬೀಜದ ಚರಟ

ಮದ್ದಿನ ಬೇರು-ಬೀಜದ ಮಾರುಕಟ್ಟೆಯಲ್ಲಿ ಒಬ್ಬರಾದರೂ ದುಡಿಯದ ಮನೆ ಬೋಝೌ ಊರಿನಲ್ಲಿಲ್ಲ. ಹಾಗಾಗಿ ಅಲ್ಲಿ ಯಾರ ಕಾಯಿಲೆಯೂ ಗುಟ್ಟಲ್ಲ. ಕಷಾಯ ಸೋಸಿದ ಚರಟವನ್ನು ದಾರಿಗೆ ಸುರಿಯಬೇಕು, ಹೋಗಿಬರುವವರು ತುಳಿಯಬೇಕು. ಕಸದ ಡಬ್ಬಿಗೆ ಹಾಕಿದರೆ ಮದ್ದು ಹತ್ತುವುದಿಲ್ಲವೆಂದು ನಂಬಿಕೆ. ಚರಟ ಕಂಡರೆ ರೋಗ ಯಾವುದೆಂದು ಎಲ್ಲರಿಗೂ ಗೊತ್ತು. ಶೂಚಿನ್‌ಳ ಅತ್ತೆ ಎರಡು ವರ್ಷದಿಂದ ಸೊಸೆಯ ಚರಟವನ್ನು ದಿನವೂ ಕಟ್ಟಡದ ಬಾಗಿಲಿಗೇ ಸುರಿಯುತ್ತಿದ್ದಳು. ಹದಿನೆಂಟು ಅಂತಸ್ತಿನವರೂ ಶೂಚಿನ್‌ಳ ಬಂಜೆತನವನ್ನು ತುಳಿದೇ ಕೆಲಸಕ್ಕೆ ಹೋಗುತ್ತಿದ್ದರು.

ಅವಳಿಗೀಗ ನಲವತ್ತೊಂದು. ಅಂಡಗಳು ಮುಗಿಯುತ್ತಿವೆ, ಗಂಡನನ್ನೂ ಕರೆತನ್ನಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಹೇಳಿ ಸೋತಿದ್ದಳು.

"ನನ್ನ ಮಗನಿಗೇನಾಗಿದೆ? ಗೂಳಿ ಹಾಗಿದಾನೆ!" ಎನ್ನುತ್ತಿದ್ದಳು ಅತ್ತೆ. "ವಯಸ್ಸು ನಿಂದು, ತಪ್ಪು ಅವನದಾ? ಕುಡಿ, ತಳ ಬಿಡಬೇಡ."

ಆ ಭಾನುವಾರ ಶೂಚಿನ್ ತರಕಾರಿಗೆಂದು ಕೆಳಗಿಳಿದಾಗ, ನಲವತ್ತು ವರ್ಷ ಮಾರುಕಟ್ಟೆಯಲ್ಲಿ ಬೀಜ ಆರಿಸಿದ್ದ ಕುವಾಂಗ್ ಅಜ್ಜ ಚರಟವನ್ನು ಕೋಲಿನಿಂದ ಕೆದಕುತ್ತಿದ್ದ.

"ನಿಲ್ಲಮ್ಮ. ಇದು ಯಾರ ಮದ್ದು?"

"ನಂದೇ, ಅಜ್ಜ. ಊರಿಗೇ ಗೊತ್ತಲ್ಲ."

"ಮೇಲಿರೋ ಬೇರು ನಿಂದು, ಸರಿ. ಅಡೀಲಿರೋದು?"

ಬೇರಿನ ಕೆಳಗೆ ಬಟ್ಟೆಯ ಗಂಟೊಂದು ಒಡೆದು ಬೀಜ ಚೆಲ್ಲಿತ್ತು. ಅಜ್ಜ ಅಂಗೈಗೆ ಹಾಕಿಕೊಂಡು ತಿಕ್ಕಿ ನೋಡಿದ.

"ಐದು ಬಗೆ ಇದೆ. ಇದು ಗಂಡಸ್ರ ಮದ್ದು ಕಣಮ್ಮ. ವೀರ್ಯ ನೀರಾದೋರಿಗೆ ಕೊಡೋದು."

ಲಿಫ್ಟಿಗೆ ಕಾಯುತ್ತಿದ್ದ ಮೂರನೆಯ ಅಂತಸ್ತಿನ ಹೆಂಗಸು ಕಿಸಕ್ಕನೆ ನಕ್ಕಳು. "ನಿಮ್ಮನೇಲಿ ಗಂಡಸು ಅಂತ ಇರೋದು ಒಬ್ಬರೇ ಅಲ್ವೇನೇ?"

ಮಗನ ಮರ್ಯಾದೆ ಉಳಿಯಬೇಕು, ಮದ್ದೂ ಹತ್ತಬೇಕು. ಸೊಸೆಯ ಚರಟದಡಿಗಿಂತ ಒಳ್ಳೆಯ ಜಾಗ ಅತ್ತೆಗೆ ಹೊಳೆದಿರಲಿಲ್ಲ.

ಶೂಚಿನ್ ಹಿಂದಿರುಗಿದಾಗ ಗಂಡ ದಾಪೆಂಗ್ ಗಂಜಿ ಕುಡಿಯುತ್ತಿದ್ದ.

"ಐದು ಬೀಜ ಯಾವಾಗಿಂದ ತಗೋತಿದೀಯ?"

ಅವನು ತಾಯಿಯ ಕಡೆ ನೋಡಿದ.

"ಅಲ್ಲೇನು ನೋಡ್ತೀಯ? ಕೇಳ್ತಿರೋದು ನಾನು."

"ಎರಡು ವರ್ಷ ಆಯ್ತು. ಹೆಫೆಯ್ ಸಿಟೀಲಿ ಟೆಸ್ಟ್ ಮಾಡಿಸ್ದೆ. ಮದ್ದಲ್ಲೇ ಸರಿಹೋಗುತ್ತೆ, ನಿಂಗೆ ಹೇಳೋದು ಬೇಡ ಅಂದ್ರು ಅಮ್ಮ."

"ಆಗ ನಂಗೆ ಮೂವತ್ತೊಂಬತ್ತು."

"ಗಂಡಸಿನ ಮಾನ ಕಣೇ!" ಎಂದಳು ಅತ್ತೆ. "ಕೆಳಗೆಲ್ಲ ಡಂಗುರ ಹೊಡೆದು ಬಂದ್ಯಾ?"

"ನಾನ್ಯಾಕೆ ಹೊಡೀಲಿ? ಬಾಗಿಲಿಗೆ ಸುರಿದೋರು ನೀವೇ." ಅವಳು ಗಂಡನ ಮುಂದಿನ ಬಟ್ಟಲನ್ನು ಎಳೆದುಕೊಂಡಳು. "ನಾಳೆ ಏಳಕ್ಕೆ ಆಸ್ಪತ್ರೆ. ಬರದಿದ್ರೆ ನಿನ್ನ ರಿಪೋರ್ಟ್ ಲಿಫ್ಟಲ್ಲಿ ಅಂಟಿಸ್ತೀನಿ."

"ಅಂಟಿಸಿದ್ರೆ ನಿನ್ನ ವಯಸ್ಸೇನು ಇಳಿಯುತ್ತಾ?" ಎಂದ ದಾಪೆಂಗ್.

"ಇಲ್ಲ. ನಿನ್ನ ಮೀಸೆ ಇಳಿಯುತ್ತೆ."

ಸೋಮವಾರ ಅವನು ಬಂದ. ಡಾಕ್ಟರಮ್ಮ ಹಳೆಯ ಮತ್ತು ಹೊಸ ಸ್ಕ್ಯಾನುಗಳನ್ನು ಪಕ್ಕಪಕ್ಕ ಇಟ್ಟಳು.

"ಎರಡು ವರ್ಷದ ಹಿಂದೆ ಏಳು ಅಂಡ ಕಂಡಿದ್ವು. ಈಗ ಎರಡು. ಪ್ರಯತ್ನ ಮಾಡೋಣ, ಮಾತು ಕೊಡಲ್ಲ. ಇಷ್ಟು ತಡ ಯಾಕೆ ಮಾಡಿದ್ರಿ?"

ದಾಪೆಂಗ್ ತನ್ನ ಬೂಟುಗಳನ್ನು ಪರೀಕ್ಷಿಸುತ್ತಿದ್ದ.

"ಹೇಳು," ಎಂದಳು ಶೂಚಿನ್. "ನಿನ್ನನ್ನೇ ಕೇಳ್ತಿದಾರೆ."